ವಾದ್ಯದ ವೇಷ, ವಾದಕನ ಹಟ

ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಎಲ್ಲರಿಗಿಂತ ಕಡಿಮೆ ಗಮನಕ್ಕೆ ಪಾತ್ರನಾಗುವವನು ಬೇಸ್ ಗಿಟಾರ್ ನುಡಿಸುವವನು. ಹಾಡುವವನು ಮುಂದೆ ನಿಲ್ಲುತ್ತಾನೆ. ಗಿಟಾರ್ ವಾದಕನು ಅವನ ಪಕ್ಕದಲ್ಲಿ ಮೆರೆಯುತ್ತಾನೆ. ತಾಳವಾದ್ಯದವನು ಹಿಂದೆ ಕುಳಿತರೂ ಸದ್ದಿನಿಂದಲೇ ತನ್ನ ಇರವನ್ನು ಸಾರುತ್ತಾನೆ. ಬೇಸ್ ವಾದಕನಾದರೋ ಒಂದು ಮಗ್ಗುಲಲ್ಲಿ ನಿಂತು, ನಮ್ಮ ಕಚೇರಿಗಳಲ್ಲಿ ತಂಬೂರಿಯೂ ಮೃದಂಗವೂ ಹಂಚಿಕೊಂಡು ಮಾಡುವ ಕೆಲಸವನ್ನು ನಾಲ್ಕು ದಪ್ಪ ತಂತಿಗಳ ಮೇಲೆ ತಾನೊಬ್ಬನೇ ನಿರ್ವಹಿಸುತ್ತಿರುತ್ತಾನೆ. ಸ್ವರಕ್ಕೆ ನೆಲೆಯನ್ನೂ ಲಯಕ್ಕೆ ನಡೆಯನ್ನೂ ಒದಗಿಸುವವನು ಅವನೇ. ಇಂಥ ಸಾತ್ವಿಕನೂ ಒಂದು ವಿಷಯದಲ್ಲಿ ಮಾತ್ರ ಉಗ್ರನಾಗುವುದುಂಟು. ಅವನ ವಾದ್ಯದ ರೂಪವನ್ನು ಯಾರಾದರೂ ಮುಟ್ಟಿದರೆ ಸಾಕು.

ಮುಟ್ಟುವುದೆಂದರೆ ದೊಡ್ಡ ಮಾರ್ಪಾಡೇ ಆಗಬೇಕಿಲ್ಲ. ಬೆರಳುಹಲಗೆಯ ಮೇಲಿನ ಗುರುತು ಚುಕ್ಕೆಯಾಗಿರಬೇಕೋ ಚೌಕವಾಗಿರಬೇಕೋ, ಒಡಲಿನ ಮೇಲಿನ ರಕ್ಷಾಫಲಕ ಬಿಳಿಯದಿರಬೇಕೋ ಆಮೆಚಿಪ್ಪಿನ ಬಣ್ಣದ್ದಿರಬೇಕೋ, ತಲೆಭಾಗದ ಮೇಲೆ ತಯಾರಕನ ಹೆಸರು ಹೊಂಬಣ್ಣದಲ್ಲಿರಬೇಕೋ ಕಪ್ಪಿನಲ್ಲಿರಬೇಕೋ ಎಂಬಂಥ ಪ್ರಶ್ನೆಗಳು. ಒಮ್ಮೆ ಇದು ಆರಂಭವಾಯಿತೆಂದರೆ ನುಡಿಸುವವರು ಎರಡು ಪಂಗಡಗಳಾಗಿ ಒಡೆದು, ಒಬ್ಬರನ್ನೊಬ್ಬರು ಅರಸಿಕರೆಂದು ಜರೆಯುವವರೆಗೂ ವಾದ ಬೆಳೆಯುತ್ತದೆ. ಹೊರಗಿನವನಿಗೆ ಇದು ನಗೆಯನ್ನು ತರಿಸೀತು. ಚುಕ್ಕೆಯಿದ್ದರೇನು, ಚೌಕವಿದ್ದರೇನು, ನಾದ ಒಂದೇ ಅಲ್ಲವೇ ಎಂದು ಆತ ಕೇಳಬಹುದು. ಆದರೆ ಕನ್ನಡದ ಸಹೃದಯರು ಅಷ್ಟು ಬೇಗ ನಗಬೇಕಾಗಿಲ್ಲ. ಅಲಂಕಾರವು ಹೊರಗಿನಿಂದ ತೊಡಿಸಿದ್ದೋ ಒಳಗಿನಿಂದ ಹೊಮ್ಮಿದ್ದೋ ಎಂಬ ಚರ್ಚೆಯಲ್ಲಿ ನಮ್ಮ ಪ್ರಾಚೀನ ಲಾಕ್ಷಣಿಕರು ಶತಮಾನಗಳನ್ನೇ ಕಳೆದಿದ್ದಾರೆ. ಅದೇ ಚರ್ಚೆ ಇಲ್ಲಿ ಮರ, ತಂತಿ, ಲೋಹಗಳ ಮೇಲೆ ನಡೆಯುತ್ತಿದೆ ಎಂದರೆ ತಪ್ಪಾಗದು.

ಹುಟ್ಟಿದ ಬಗೆ

ಈ ಕಲಹಕ್ಕೆ ಮೂಲವಾದ ವಾದ್ಯ 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಫುಲರ್ಟನ್ ಎಂಬ ಊರಿನಲ್ಲಿ ಹುಟ್ಟಿತು. ಅದನ್ನು ನಿರ್ಮಿಸಿದ ಲಿಯೋ ಫೆಂಡರ್ ಸಂಗೀತಗಾರನಲ್ಲ, ಗಿಟಾರ್ ನುಡಿಸಲು ಆತ ಕಲಿಯಲೇ ಇಲ್ಲ. ರೇಡಿಯೋ ದುರಸ್ತಿಯ ಅಂಗಡಿಯಿಂದ ಬಾಳನ್ನು ಆರಂಭಿಸಿದವನು ಆತ. ಆವರೆಗೆ ಮಂದ್ರಸ್ವರವನ್ನು ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು. ವಿದ್ಯುತ್ ಗಿಟಾರ್‌ಗಳ ಅಬ್ಬರದ ನಡುವೆ ಅದರ ದನಿ ಕೇಳಿಸುತ್ತಲೂ ಇರಲಿಲ್ಲ. 1930ರ ದಶಕದಲ್ಲಿಯೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ ವಿದ್ಯುತ್ತಿನ ಬೇಸ್ ಗಿಟಾರೊಂದನ್ನು ಮಾಡಿದ್ದನು. ಅದು ಬಳಕೆಗೆ ಹರಡಲಿಲ್ಲ. ಫೆಂಡರನ ವಾದ್ಯ ಹರಡಿತು. ತಂತಿಯ ನುಡಿಯುವ ಉದ್ದವನ್ನು ಆತ 34 ಅಂಗುಲಕ್ಕೆ ಇಳಿಸಿದನು. ವೀಣೆಯಲ್ಲಿರುವಂತೆ ದಂಡಿಗೆ ಮೆಟ್ಟುಗಳನ್ನು ಕೂಡಿಸಿದನು. ಬೆರಳನ್ನು ಮೆಟ್ಟಿನ ಹಿಂದೆ ಇಟ್ಟರೆ ಸ್ವರ ಸ್ಥಾನ ತಪ್ಪುವಂತಿಲ್ಲ. ಆ ಖಚಿತತೆಯಿಂದಲೇ ವಾದ್ಯಕ್ಕೆ ಪ್ರಿಸಿಷನ್ ಬೇಸ್ ಎಂಬ ಹೆಸರು ಬಂದಿತು.

ಇಂದು ‘ಶಾಸ್ತ್ರೀಯ ರೂಪ’ ಎಂದು ಪೂಜೆಗೊಳ್ಳುವ ಪ್ರಿಸಿಷನ್ ಬೇಸ್ ಅಂದು ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದರ ಒಡಲು ಚೌಕಟ್ಟಾದ ಹಲಗೆಯಂತಿತ್ತು. ಬಣ್ಣ ಮಾಸಲು ಹಳದಿ, ಫಲಕ ಕಪ್ಪು, ಬಿರಡೆಗಳಿರುವ ತಲೆಭಾಗ ಸಪೂರ. 1954ರಲ್ಲಿ ಅದರ ಅಂಚುಗಳನ್ನು ಎದೆಗೂ ಮುಂಗೈಗೂ ಒತ್ತದಂತೆ ಇಳಿಜಾರಾಗಿ ಕೆತ್ತಿದರು. ನಡುವೆ ಹಳದಿಯಾಗಿದ್ದು ಅಂಚಿನತ್ತ ಕಪ್ಪಾಗುವ ಬಣ್ಣವನ್ನು ಕೊಟ್ಟು ಬಿಳಿಯ ಫಲಕವನ್ನು ಜೋಡಿಸಿದರು. 1957ರಲ್ಲಿ ತಲೆಭಾಗ ಅಗಲವಾಯಿತು. ಫಲಕ ಹೊಂಬಣ್ಣದ ಅಲ್ಯೂಮಿನಿಯಮ್ಮಿನದಾಯಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ‘ಪಿಕಪ್’ ಎಂಬ ಅಂಗ ಎರಡು ತುಂಡಾಗಿ ಸೀಳಿ, ಅದರ ಗುಂಯ್‌ಗುಡುವ ದೋಷ ನೀಗಿತು. 1959ರಲ್ಲಿ ಬಿಳಿಯ ಮೇಪಲ್ ಮರದ ಬೆರಳುಹಲಗೆ ಹೋಗಿ ಕಪ್ಪು ಛಾಯೆಯ ರೋಸ್‌ವುಡ್ ಬಂದಿತು. ಅದರ ಹಿಂದೆಯೇ ಹೊಂಬಣ್ಣದ ಫಲಕ ಹೋಗಿ ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಬಂದಿತು. ಎಂಟೊಂಬತ್ತು ವರ್ಷಗಳ ಅವಧಿಯಲ್ಲಿ ಮೊದಲಿನ ವೇಷದಲ್ಲಿ ಉಳಿದುದು ಬಹಳ ಸ್ವಲ್ಪ.

ಹೀಗಿರುವಾಗ ಮೂಲವೆನ್ನುವುದು ಯಾವುದನ್ನು? ಹಟವಾದಿಗಳ ಉತ್ತರ ಸಾಮಾನ್ಯವಾಗಿ ‘1960ರ ದಶಕದ ಮೊದಲ ಭಾಗದ್ದು’ ಎಂದು. ಅಂದರೆ ಮಾರ್ಪಾಡುಗಳ ಸರಣಿಯಲ್ಲಿ ಒಂದು ಘಟ್ಟವನ್ನು ಹಿಡಿದು ನಿಲ್ಲಿಸಿ, ಅದರ ಹಿಂದಿನವುಗಳನ್ನು ಪ್ರಯೋಗವೆಂದೂ ಮುಂದಿನವುಗಳನ್ನು ಭ್ರಷ್ಟತೆಯೆಂದೂ ಅವರು ಕರೆಯುತ್ತಾರೆ. 1968ರಲ್ಲಿ ಇದೇ ಸಂಸ್ಥೆ 1951ರ ಹಳೆಯ ಆಕಾರವನ್ನು ‘ಟೆಲಿಕ್ಯಾಸ್ಟರ್ ಬೇಸ್’ ಎಂಬ ಬೇರೆ ಹೆಸರಿನಲ್ಲಿ ಹೊಸ ಮಾದರಿಯಾಗಿ ಹೊರತಂದಿತು. ಚೊಚ್ಚಲು ಮಗನೇ ದಾಯಾದಿಯ ಹೆಸರಿನಲ್ಲಿ ಮನೆಗೆ ಹಿಂತಿರುಗಿದಂತಾಯಿತು!

ಬಣ್ಣಗಳ ಕಥೆಯೂ ಹೀಗೆಯೇ. ಹಳೆಯ ಫೆಂಡರ್ ವಾದ್ಯಗಳ ವಿಶೇಷ ಬಣ್ಣಗಳಿಗೆ ಇಂದು ಭಾರಿ ಬೆಲೆ ತೆರುವವರಿದ್ದಾರೆ. ಅವು ಸಂಗೀತಕ್ಕಾಗಿ ಹುಟ್ಟಿದ ಬಣ್ಣಗಳಲ್ಲ. ಡ್ಯೂಪಾಂಟ್ ಸಂಸ್ಥೆ ಮೋಟಾರುಗಾಡಿಗಳಿಗಾಗಿ ತಯಾರಿಸುತ್ತಿದ್ದ ಬಣ್ಣಗಳು. ‘ಫಿಯೆಸ್ಟಾ ರೆಡ್’ ಎಂಬ ಹೆಸರುವಾಸಿ ಕೆಂಪು 1956ರ ಫೋರ್ಡ್ ಥಂಡರ್‌ಬರ್ಡ್ ಗಾಡಿಯ ಕೆಂಪು. ಅಗ್ಗವಾಗಿ ಕೈಗೆ ಸಿಕ್ಕುತ್ತಿದ್ದ ಡಬ್ಬಿಯ ಬಣ್ಣ ಅರುವತ್ತು ವರ್ಷಗಳಲ್ಲಿ ಪರಂಪರೆಯ ಬಣ್ಣವಾಯಿತು.

ಕೈ ಕೊಟ್ಟ ತೀರ್ಪು

ಹಾಗಾದರೆ ಹಟವಾದಿಗಳ ಮಾತು ಬರಿಯ ಹಳಹಳಿಕೆಯೇ? ಹಾಗೆ ತಳ್ಳಿಹಾಕುವ ಮುನ್ನ ಈ ವಾದ್ಯದ ಎರಡು ಚಿಕ್ಕ ಅಂಗಗಳ ಚರಿತ್ರೆಯನ್ನು ನೋಡಬೇಕು.

ಮೊದಲಿನ ವಾದ್ಯಗಳಲ್ಲಿ ತೆಳುವಾದ ತಂತಿಯ ಕೆಳಗೆ ಫಲಕದ ಮೇಲೆ ಒಂದು ಚಿಕ್ಕ ಅಡ್ಡಪಟ್ಟಿಯಿತ್ತು. ಬೆರಳುಗಳು ಅದನ್ನು ಹಿಡಿದುಕೊಂಡಿರಬೇಕು, ಹೆಬ್ಬೆರಳು ತಂತಿಯನ್ನು ಮೀಟಬೇಕು ಎಂಬುದು ನಿರ್ಮಾಪಕನ ಕಲ್ಪನೆ. ನುಡಿಸುವವರ ಕೈ ಬೇರೆ ದಾರಿಯನ್ನು ಹಿಡಿಯಿತು. ಹೆಬ್ಬೆರಳನ್ನು ಊರಿ ತೋರುಬೆರಳು, ನಡುಬೆರಳುಗಳಿಂದ ಮೀಟುವ ಕ್ರಮ ಹಬ್ಬಿತು. 1970ರ ದಶಕದ ನಡುವಿನಲ್ಲಿ ಕಾರ್ಖಾನೆ ಕೊನೆಗೂ ಆ ಪಟ್ಟಿಯನ್ನು ದಪ್ಪ ತಂತಿಯ ಪಕ್ಕಕ್ಕೆ, ಹೆಬ್ಬೆರಳು ಊರುವ ಸ್ಥಳಕ್ಕೆ, ಸರಿಸಿತು. ನೋಡುವವರಿಗೆ ಅದು ಅಲಂಕಾರದ ಒಂದು ಬದಲಾವಣೆ. ಅದರ ಹಿಂದಿರುವುದು ಒಂದು ತಲೆಮಾರಿನ ಕೈಗಳ ಅಭ್ಯಾಸ.

ಇನ್ನೊಂದು ಅಂಗ, ತಂತಿಗಳ ಮೇಲೆ ಕವುಚಿದ್ದ ಮಿರುಗುವ ಲೋಹದ ಮುಚ್ಚಳಗಳು. ಒಂದು ಪಿಕಪ್ಪಿನ ಮೇಲೆ, ಇನ್ನೊಂದು ಕುದುರೆಯ ಮೇಲೆ. ಹೆಚ್ಚಿನವರು ಇವನ್ನು ಕೈಗೆ ಅಡ್ಡಿಯೆಂದು ಬಿಚ್ಚಿ ಎಸೆದರು. ಅವುಗಳಿಗೆ ‘ಬೂದಿಬಟ್ಟಲು’ ಎಂಬ ಅಡ್ಡಹೆಸರೂ ಬಿದ್ದಿತು. ಮುಂದೆ ಕಾರ್ಖಾನೆಯೇ ಅವನ್ನು ಕೈಬಿಟ್ಟಿತು. ಆದರೆ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ಮಾತ್ರ ತನ್ನ 1962ರ ಪ್ರಿಸಿಷನ್ ಬೇಸಿನ ಕುದುರೆಯ ಮುಚ್ಚಳವನ್ನು ಹಾಗೆಯೇ ಇರಿಸಿಕೊಂಡಿದ್ದನು. ಅದರ ಒಳಬದಿಗೆ ಅಂಟಿಸಿದ್ದ ಮೆತ್ತೆ ತಂತಿಗಳನ್ನು ಮೃದುವಾಗಿ ಅದುಮಿ, ಅನುರಣನವನ್ನು ಮೊಟಕುಗೊಳಿಸುತ್ತಿತ್ತು. ಒಂದೇ ಬೆರಳಿನಿಂದ ಮೀಟುತ್ತ, ತುಂಡಾಗುವವರೆಗೆ ತಂತಿಯನ್ನೂ ಬದಲಿಸದೆ, ಮೊಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಆತ ಕೊಟ್ಟ ಗಟ್ಟಿಯಾದ, ಮೊನೆಯಿಲ್ಲದ ನಾದದಲ್ಲಿ ಆ ‘ಅಲಂಕಾರ’ದ ಪಾಲೂ ಇತ್ತು. 1983ರಲ್ಲಿ ಜೇಮರ್ಸನ್ ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು ಆ ವಾದ್ಯ ಕಳವಾಯಿತು.

ನೂರು ಜನರಿಗೆ ಬೂದಿಬಟ್ಟಲಾದದ್ದು ಒಬ್ಬನಿಗೆ ನಾದದ ಅಂಗವಾಯಿತು. ಆದುದರಿಂದ ಇದು ಅಲಂಕಾರ, ಇದು ಉಪಯೋಗ ಎಂದು ವಾದ್ಯದ ಮೇಲೆ ಗೆರೆಯೆಳೆದು ತೋರಿಸುವುದು ಸುಲಭವಲ್ಲ. ಗೆರೆ ಇರುವುದು ನುಡಿಸುವವನ ಕೈಯಲ್ಲಿ.

ಕಣ್ಣು ಕಂಡದ್ದು, ಕಿವಿ ಕೇಳಿದ್ದು

1960ರಲ್ಲಿ ಫೆಂಡರ್ ಸಂಸ್ಥೆ ಜಾಜ್ ಬೇಸ್ ಎಂಬ ಎರಡನೆಯ ವಾದ್ಯವನ್ನು ಹೊರತಂದಿತು. ಎರಡು ಪಿಕಪ್ಪುಗಳು, ಓರೆಯಾಗಿ ಸರಿಸಿದಂಥ ಒಡಲು, ತಲೆಯ ಬಳಿ ಒಂದೂವರೆ ಅಂಗುಲಕ್ಕೆ ಸಪೂರವಾಗುವ ದಂಡಿ ಇವು ಅದರ ಲಕ್ಷಣಗಳು. ಬೆರಳುಹಲಗೆಯ ಮೇಲೆ ಸ್ಥಾನಸೂಚಕವಾಗಿ ಮಣ್ಣಿನ ಬಣ್ಣದ ಚಿಕ್ಕ ಚುಕ್ಕೆಗಳಿದ್ದವು. 1965ರ ಜನವರಿಯಲ್ಲಿ ಲಿಯೋ ಫೆಂಡರ್ ತನ್ನ ಸಂಸ್ಥೆಯನ್ನು ಸಿ.ಬಿ.ಎಸ್. ಎಂಬ ಪ್ರಸಾರಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರುಗಳಿಗೆ ಮಾರಿದನು. ಮರುವರ್ಷದ ವೇಳೆಗೆ ಜಾಜ್ ಬೇಸಿನ ದಂಡಿಯ ಅಂಚಿಗೆ ಬಿಳಿಯ ಕಟ್ಟು ಬಂದಿತು. ಚುಕ್ಕೆಗಳ ಜಾಗದಲ್ಲಿ ಮುತ್ತಿನ ಹೊಳಪಿನ ದೊಡ್ಡ ಚೌಕಗಳು ಕುಳಿತವು.

ಬೇಸ್ ವಾದಕರ ಅತಿ ದೀರ್ಘ ಜಗಳ ಇದರದ್ದೇ. ಚುಕ್ಕೆಯ ಪಕ್ಷದವರಿಗೆ ಚೌಕವೆಂದರೆ ವ್ಯಾಪಾರಿಯ ಥಳುಕು. ಕುಶಲಕರ್ಮಿಯ ಮನೆಗೆ ಸಾಹುಕಾರ ಬಂದು ಕುಳಿತದ್ದರ ಗುರುತು. ಚೌಕದ ಪಕ್ಷದವರಿಗೆ ಅದು ವಾದ್ಯವು ಪ್ರೌಢಾವಸ್ಥೆಗೆ ಬಂದುದರ ಗುರುತು, ಅವರ ಮೆಚ್ಚಿನ 1970ರ ದಶಕದ ಧ್ವನಿಮುದ್ರಿಕೆಗಳ ನೆನಪು. ಚುಕ್ಕೆಯಿಂದಾಗಲಿ ಚೌಕದಿಂದಾಗಲಿ ತಂತಿಯ ನಾದಕ್ಕೆ ಏನೂ ಆಗದೆಂಬುದನ್ನು ಇಬ್ಬರೂ ಬಲ್ಲರು. ಆದರೂ ಜಗಳವು ನಿಲ್ಲದು.

ಇದರ ಜತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 1970ರ ದಶಕದ ಆರಂಭದಲ್ಲಿ ಇದೇ ಜಾಜ್ ಬೇಸಿನ ಹಿಂಬದಿಯ ಪಿಕಪ್ಪನ್ನು ಕುದುರೆಯ ಕಡೆಗೆ ಅರ್ಧ ಅಂಗುಲಕ್ಕೂ ಕಡಿಮೆ ಅಂತರ ಸರಿಸಲಾಯಿತು. ದೂರದಿಂದ ನೋಡಿದವನಿಗೆ ಅದು ಕಾಣಿಸುವುದೇ ಇಲ್ಲ. ಆದರೆ ಕುದುರೆಗೆ ಹತ್ತಿರವಾದಷ್ಟೂ ತಂತಿಯ ಮೇಲಿನ ಸ್ವರಾಂಶಗಳು ಮುಂದಕ್ಕೆ ಬಂದು, ನಾದ ಮೊನಚಾಗುತ್ತದೆ. ಕಿವಿಗೆ ನಿಜವಾಗಿ ವ್ಯತ್ಯಾಸವನ್ನುಂಟುಮಾಡಿದ ಮಾರ್ಪಾಡು ಇದು. ಚೌಕಗಳಿಗಾಗಿ ಎದ್ದಷ್ಟು ಕೂಗು ಇದಕ್ಕಾಗಿ ಏಳಲಿಲ್ಲ. ಕಿವಿಯನ್ನೇ ಬಾಳಿಗೆ ಆಧಾರವಾಗಿ ಮಾಡಿಕೊಂಡವರು ಕೂಡ ಬದಲಾವಣೆಯ ವಿಷಯದಲ್ಲಿ ಕಣ್ಣನ್ನೇ ಮೊದಲು ನಂಬುತ್ತಾರೆ ಎಂಬ ಪಾಠ ಇದರಲ್ಲಿದೆ.

ಇದನ್ನು ದೌರ್ಬಲ್ಯವೆಂದು ಹೀಯಾಳಿಸುವಂತೆಯೂ ಇಲ್ಲ. ಒಂದು ವಾದ್ಯವನ್ನು ಇಪ್ಪತ್ತು ವರ್ಷ ನುಡಿಸಿದವನಿಗೆ ಅದರ ರೂಪ ಮನೆಯ ಬಾಗಿಲಿನಂತೆ ಪರಿಚಿತವಾಗಿರುತ್ತದೆ. ಕತ್ತಲು ತುಂಬಿದ ರಂಗದಲ್ಲಿ ಅವನ ಕಣ್ಣು ಹುಡುಕುವುದು ಆ ಚುಕ್ಕೆಗಳನ್ನೇ. ತನ್ನ ಗುರುವಿನ ಕೈಯಲ್ಲಿ ಆತ ಕಂಡಿದ್ದೂ ಅವುಗಳನ್ನೇ. ರೂಪದ ಮೇಲಿನ ಮಮತೆಯಲ್ಲಿ ವಿಶ್ವಾಸದ ಒಂದು ಅಂಶವಿದೆ. ಕಾಣುವುದನ್ನು ಕೇಳದೆ ಬದಲಿಸಿದವರು ಕಾಣದಿರುವುದನ್ನು ಏನು ಮಾಡಿದ್ದಾರೋ ಎಂಬ ಸಂಶಯವೇ ಚೌಕವನ್ನು ಕಂಡಾಗ ಎಷ್ಟೋ ಮಂದಿಯಲ್ಲಿ ಮೂಡಿದ್ದು. ಸಿ.ಬಿ.ಎಸ್. ಕಾಲದಲ್ಲಿ ತಯಾರಿಕೆಯ ಗುಣವು ಇಳಿಯಿತೆಂಬ ದೂರು ಬೆಳೆದಾಗ ಆ ಸಂಶಯಕ್ಕೆ ಬಲವೂ ಬಂದಿತು. ಕೊನೆಗೆ 1982ರಲ್ಲಿ ಸಂಸ್ಥೆ ತಾನಾಗಿಯೇ 1957 ಮತ್ತು 1962ರ ಮಾದರಿಗಳನ್ನು ಅಂದಿನ ವೇಷದಲ್ಲಿಯೇ ಮತ್ತೆ ಮಾಡಲಾರಂಭಿಸಿತು.

ಲಾಕ್ಷಣಿಕರ ಒರೆಗಲ್ಲು

ಆನಂದವರ್ಧನನು ಅಲಂಕಾರಗಳನ್ನು ಅಂಗಕ್ಕೆ ತೊಡಿಸಿದ ಕಡಗದಂತೆ ಎಂದು ಭಾವಿಸಿದನು. ಆದರೆ ಅಲ್ಲಿಗೇ ನಿಲ್ಲದೆ, ರಸವನ್ನು ಕಟ್ಟುವ ಯತ್ನದಲ್ಲಿಯೇ, ಬೇರೊಂದು ಪ್ರಯತ್ನವನ್ನು ಬೇಡದೆ ಒದಗಿಬಂದ ಅಲಂಕಾರ ಮಾತ್ರ ರಸಕ್ಕೆ ಸಲ್ಲುವಂಥದು ಎಂಬ ನಿಯಮವನ್ನೂ ಆತ ಹಾಕಿಕೊಟ್ಟನು. ನಮ್ಮ ಪ್ರಸ್ತುತ ಕಲಹಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯಲಾರದು. 1954ರ ಇಳಿಜಾರು ಅಂಚು ಸುಂದರವಾಗಿದೆ. ಸೌಂದರ್ಯಕ್ಕಾಗಿ ಅದನ್ನು ಕೆತ್ತಿದ್ದಲ್ಲ, ಎದೆಗೆ ಒತ್ತದಿರಲೆಂದು. 1966ರ ಚೌಕವಾದರೋ ಬೇರೆ ಯತ್ನದಿಂದ, ಅಂಗಡಿಯ ಕಿಟಕಿಯಲ್ಲಿ ಕಣ್ಸೆಳೆಯಲೆಂದು ಕೂಡಿಸಿದ್ದು. ಆದರೆ ಐವತ್ತು ವರ್ಷ ಅದರ ಮೇಲೆ ಬೆರಳಾಡಿದ ಮೇಲೆ ಅದೂ ಒಬ್ಬರ ನೆನಪಿನಲ್ಲಿ ಬೇರುಬಿಟ್ಟಿತು. ಇದನ್ನು ಒಪ್ಪುವ ಔದಾರ್ಯವೂ ವಿಮರ್ಶಕನಿಗೆ ಬೇಕು.

ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾದ ಎರಡು ವಿಪರೀತ ನಿದರ್ಶನಗಳಿವೆ. ಪ್ರಿಸಿಷನ್ ಬೇಸ್ ಹುಟ್ಟಿದ 1951ರಲ್ಲಿಯೇ ಹುಟ್ಟಿದ ಜಾಕೋ ಪಾಸ್ಟೋರಿಯಸ್ ನುಡಿಸುತ್ತಿದ್ದುದು ಮೆಟ್ಟುಗಳನ್ನೇ ಕಿತ್ತುಹಾಕಿದ್ದ 1962ರ ಜಾಜ್ ಬೇಸನ್ನು. ಮೆಟ್ಟಿನ ಸಂದುಗಳನ್ನು ತುಂಬಿ, ಉಕ್ಕಿನ ತಂತಿ ಮರವನ್ನು ತಿನ್ನದಿರಲೆಂದು ದೋಣಿಗಳಿಗೆ ಬಳಿಯುವ ಎಪಾಕ್ಸಿ ಲೇಪವನ್ನು ಹಲಗೆಗೆ ಹಚ್ಚಲಾಗಿತ್ತು. ಆ ವಾದ್ಯಕ್ಕೆ ಫಲಕವಿಲ್ಲ, ಮುಚ್ಚಳವಿಲ್ಲ. ಪರಂಪರೆಯ ದೃಷ್ಟಿಯಲ್ಲಿ ಅದು ಅಂಗಭಂಗ. 1976ರಲ್ಲಿ ಅವನ ಮೊದಲ ಧ್ವನಿಮುದ್ರಿಕೆ ಹೊರಬಂದಾಗ, ಆ ಅಂಗಭಂಗದಿಂದ ಹಾಡುವ ಕೊರಳಿನಂಥ ನಾದ ಹೊರಟಿತು. ಇಂದು ಆ ವಿರೂಪವನ್ನೇ ಮಾದರಿಯಾಗಿಟ್ಟುಕೊಂಡು ವಾದ್ಯಗಳನ್ನು ಮಾಡುತ್ತಾರೆ.

ಎರಡನೆಯದು ಇದಕ್ಕೆ ತಿರುವುಮುರುವಾದದ್ದು. 1990ರ ದಶಕದ ನಡುವಿನಿಂದ ಫೆಂಡರ್ ಸಂಸ್ಥೆಯ ವಿಶೇಷ ಕಾರ್ಯಾಗಾರವು ಹೊಸ ವಾದ್ಯಗಳನ್ನು ಬೇಕೆಂದೇ ಸವೆಸಿ, ಬಣ್ಣವನ್ನು ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ ಹೆಚ್ಚಿನ ಬೆಲೆಗೆ ಮಾರತೊಡಗಿತು. ನೋಡಿದರೆ ನಲವತ್ತು ವರ್ಷ ನುಡಿಸಿದಂತಿರುತ್ತದೆ; ಯಾರೂ ನುಡಿಸಿರುವುದಿಲ್ಲ. ಜೇಮರ್ಸನ್ನನ ಮುಚ್ಚಳ, ಪಾಸ್ಟೋರಿಯಸನ ಲೇಪ ಇವೆರಡೂ ಬಳಕೆಯಿಂದ ಹುಟ್ಟಿದ ರೂಪಗಳು. ಇದಾದರೋ ಬಳಕೆಯಿಲ್ಲದ ಬಳಕೆಯ ಗುರುತು. ಹಳೆಯದನ್ನು ಪ್ರೀತಿಸುವವರಲ್ಲಿಯೇ ಇದನ್ನು ಕೊಳ್ಳುವವರೂ ಇದ್ದಾರೆ, ಕಂಡರೆ ಸಿಡಿಮಿಡಿಗೊಳ್ಳುವವರೂ ಇದ್ದಾರೆ.

ಬೀಟೆಯ ಮಾತು

ಇಷ್ಟರವರೆಗೆ ಕಲಹ ದೂರದೇಶದ್ದಾಗಿತ್ತು. ಅದರ ಒಂದು ಎಳೆ ನಮ್ಮ ಪಶ್ಚಿಮಘಟ್ಟಗಳವರೆಗೂ ಬಂದು ಮುಟ್ಟುತ್ತದೆ. 1959ರಲ್ಲಿ ಫೆಂಡರ್ ವಾದ್ಯಗಳ ಬೆರಳುಹಲಗೆಗೆ ಬಂದ ರೋಸ್‌ವುಡ್ ಮೊದಲು ಬ್ರೆಜಿಲ್ ದೇಶದ್ದು. 1960ರ ದಶಕದಲ್ಲಿಯೇ ಅದರ ಸ್ಥಾನಕ್ಕೆ ಭಾರತದ ರೋಸ್‌ವುಡ್ ಬರತೊಡಗಿತು. ಭಾರತದ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಮಲೆನಾಡಿನ ಮನೆಗಳ ಮಂಚ, ಮೇಜು, ಬಾಗಿಲುಗಳಲ್ಲಿ ತಲೆಮಾರುಗಳಿಂದ ಕರ್ರಗೆ ಮಿರುಗುತ್ತಿರುವ ಮರವೇ ಬೇಸ್ ವಾದಕನ ಬೆರಳಿನಡಿಯಲ್ಲಿಯೂ ಇದೆ. ಬ್ರೆಜಿಲಿನ ಮರದ ವಾಣಿಜ್ಯವನ್ನು 1992ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದ ಬಹುಮಟ್ಟಿಗೆ ನಿಷೇಧಿಸಿದ ಮೇಲೆ ಬೀಟೆಯ ಮೇಲಿನ ಭಾರ ಇನ್ನೂ ಹೆಚ್ಚಿತು.

2017ರ ಜನವರಿಯಲ್ಲಿ ಬೀಟೆಯ ಕುಲದ ಎಲ್ಲ ಮರಗಳ ಸಾಗಾಟಕ್ಕೂ ಅನುಮತಿಪತ್ರ ಬೇಕೆಂಬ ನಿಯಮ ಬಂದಿತು. ಇದಕ್ಕೆ ಮುಖ್ಯ ಕಾರಣ ವಾದ್ಯಗಳಲ್ಲ, ಚೀನಾ ದೇಶದ ಪೀಠೋಪಕರಣಗಳ ಬೇಡಿಕೆ. ಆದರೆ ವಾದ್ಯಗಳೂ ನಿಯಮಕ್ಕೆ ಒಳಪಟ್ಟವು. ಫೆಂಡರ್ ಸಂಸ್ಥೆ ಮೆಕ್ಸಿಕೋದಲ್ಲಿ ತಯಾರಾಗುವ ತನ್ನ ವಾದ್ಯಗಳಿಗೆ ರೋಸ್‌ವುಡ್ಡನ್ನು ಬಿಟ್ಟು, ದಕ್ಷಿಣ ಅಮೆರಿಕದ ಪಾವ್ ಫೆರೋ ಎಂಬ ಮರವನ್ನು ಬಳಸತೊಡಗಿತು. ಅದರ ಬಣ್ಣ ತುಸು ತೆಳು, ತುಸು ಕೆಂಪು. ಕೂಡಲೇ ಹಳೆಯ ಕೂಗು ಎದ್ದಿತು. ಹೊಸ ಹಲಗೆ ಪೇಲವ, ಒಣಗಿದಂತಿದೆ, ಇದು ನಮ್ಮ ವಾದ್ಯವೇ ಅಲ್ಲ ಎಂದರು. ಎಣ್ಣೆಬಣ್ಣ ಹಚ್ಚಿ ಹಲಗೆಯನ್ನು ಕಪ್ಪು ಮಾಡಿಕೊಂಡವರೂ ಉಂಟು. ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಚಲನೆಯನ್ನು. ಹಲಗೆಯ ಮರಕ್ಕೆ ನಾದದಲ್ಲಿ ಪಾಲೆಷ್ಟೆಂಬುದು ವಾದಕರಲ್ಲಿ ಇಂದಿಗೂ ತೀರದ ಮಾತು. ಆದರೆ ದೂರಿನ ಬಹುಭಾಗ ಬಣ್ಣವನ್ನು ಕುರಿತದ್ದೇ ಆಗಿತ್ತು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. 2024ರಲ್ಲಿ ಅದೇ ಸಂಸ್ಥೆಯ ‘ಪ್ಲೇಯರ್ 2’ ಶ್ರೇಣಿಗೆ ರೋಸ್‌ವುಡ್ ಮರಳಿತು. ಹಲವರು ನಿಟ್ಟುಸಿರು ಬಿಟ್ಟರು.

ಇಲ್ಲಿ ಕಲಹದ ತೂಕ ಬದಲಾಗುತ್ತದೆ. ಚುಕ್ಕೆಯೋ ಚೌಕವೋ ಎಂಬ ಜಗಳದಲ್ಲಿ ಸೋತವರಿಗೂ ಗೆದ್ದವರಿಗೂ ನಷ್ಟವಿಲ್ಲ. ಹಲಗೆಯ ಕಪ್ಪಿನ ವಿಷಯದಲ್ಲಿ ನಷ್ಟವುಂಟು, ಅದನ್ನು ತೆರುವುದು ಮಾತಾಡಲಾರದ ಕಾಡು. ಒಂದು ಬೀಟೆ ಬಲಿತು ನಿಲ್ಲಲು ಮನುಷ್ಯನ ಒಂದು ಆಯುಸ್ಸು ಸಾಲದು. ಅಳಿವಿನ ಭೀತಿಯಿರುವ ಮರಗಳಲ್ಲಿ ಅದನ್ನು ಎಣಿಸುತ್ತಾರೆ. ಬೆರಳಿನಡಿಯ ಕಪ್ಪು ಇದ್ದೇ ತೀರಬೇಕೆನ್ನುವವನು ಆ ಕಪ್ಪು ಯಾವ ಬೆಟ್ಟದಿಂದ ಬಂದಿತೆಂಬುದನ್ನೂ ಕೇಳಬೇಕಾಗುತ್ತದೆ. ಹಾಗೆ ಕೇಳಿ, ನೆಟ್ಟು ಬೆಳೆಸಿದ, ಕಾನೂನಿಗೆ ಒಳಪಟ್ಟು ಕಡಿದ ಮರವನ್ನೇ ಆತ ಬಯಸಿದರೆ ಅವನ ಹಟಕ್ಕೆ ಮರ್ಯಾದೆಯುಂಟು.

ಲಿಯೋ ಫೆಂಡರ್ ಮಾತ್ರ ಇಂಥ ಹಟಗಳಿಗೆ ಸಿಕ್ಕಿಬೀಳಲಿಲ್ಲ. ತನ್ನ ಹೆಸರಿನ ಸಂಸ್ಥೆಯನ್ನು ಮಾರಿದ ಮೇಲೆಯೂ ಬೇರೆ ಹೆಸರುಗಳಲ್ಲಿ ವಾದ್ಯಗಳನ್ನು ತಿದ್ದುತ್ತ, ಹೊಸದಾಗಿ ಮಾಡುತ್ತ, 1991ರಲ್ಲಿ ಸಾಯುವವರೆಗೂ ಕೆಲಸದ ಮೇಜನ್ನು ಬಿಡಲಿಲ್ಲ. ಜನ ಅವನ 1962ರ ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಾಗ, ಆತ ಅದರ ದೋಷಗಳನ್ನು ಎಣಿಸಿ ಮುಂದಿನದರಲ್ಲಿ ನೀಗಿಸುತ್ತಿದ್ದನು. ಅವನಿಗಿಂತ ಅವನ ವಾದ್ಯವನ್ನು ಹೆಚ್ಚು ಭಕ್ತಿಯಿಂದ ಕಾಯುತ್ತಿರುವವರು ಅದನ್ನು ನುಡಿಸುವವರೇ. ಆ ಭಕ್ತಿಯ ಪಾಲಿಗೆ ಒಂದು ನಾಳೆ ಸಂಜೆಯ ಕಚೇರಿಯುಂಟು. ಅಲ್ಲಿ ದೀಪ ಆರಿದೊಡನೆ ಚುಕ್ಕೆಯವನೂ ಚೌಕದವನೂ ಹಲಗೆಯ ಬಣ್ಣವನ್ನು ಮರೆತು, ತಾಳದವನ ಕಡೆಗೆ ಕಿವಿಗೊಟ್ಟು, ಮೊದಲ ಮಂದ್ರಸ್ವರವನ್ನು ಮೀಟುತ್ತಾರೆ.